ಅಲುಗದ ಗೆರೆ

ಅದಕ್ಕೆ ಉದ್ದನೆಯದೊಂದು ಸರ್ಕಾರಿ ಹೆಸರಿತ್ತು. ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಜನರ ಬಾಯಲ್ಲಿ ಅದು ಬರೀ ಕುರ್ಚಿ. ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ, ಹಾಲಿನ ಬೂತಿನ ಮುಂದೆ ಜೂನ್ ತಿಂಗಳಿಡೀ ಒಂದೇ ಪ್ರಶ್ನೆ: "ನಿಮ್ಮ ಹುಡುಗನಿಗೆ ಕುರ್ಚಿ ಏನಂತು?"

ವೈದ್ಯರಾಗಬೇಕೆಂದವರು ಅಂಕಗಳ ಪರೀಕ್ಷೆ ದಾಟಿದ ಮೇಲೆ ದಾವಣಗೆರೆಯ ಹೊರವಲಯದ ಕೇಂದ್ರಕ್ಕೆ ಬಂದು ಆ ಕುರ್ಚಿಯಲ್ಲಿ ಕೂರಬೇಕಿತ್ತು. ತಲೆಗೆ ಟೋಪಿ, ಬೆರಳುಗಳಿಗೆ ಪಟ್ಟಿ, ಕಣ್ಣಿನ ಮುಂದೆ ಪರದೆ. ಪರದೆಯ ಮೇಲೆ ಆಸ್ಪತ್ರೆ ಬಿಚ್ಚಿಕೊಳ್ಳುತ್ತಿತ್ತು. ಹೆರಿಗೆ, ಸುಟ್ಟ ಗಾಯ, ಕತ್ತರಿಸಿದ ಕಾಲು, ಗೋಡೆಗೆ ತಲೆ ಚಚ್ಚಿಕೊಳ್ಳುವ ರೋಗಿ, ಜ್ವರಕ್ಕೆ ನಡುಗುವ ಕೂಸು, ಕೊನೆಯುಸಿರು ಎಳೆಯುವ ಮುದುಕ. ಶಬ್ದವೂ ಇರುತ್ತಿತ್ತು, ವಾಸನೆಯೂ ಇರುತ್ತಿತ್ತು. ಕೂತವರ ಎದೆಬಡಿತ, ಬೆವರು, ಕಣ್ಣಪಾಪೆ, ಮೆದುಳಿನ ಮಿಡಿತ ಎಲ್ಲ ಸೇರಿ ಒಂದು ಗೆರೆಯಾಗಿ ಮೂಡುತ್ತಿತ್ತು. ಯಂತ್ರ ಆ ಗೆರೆಯನ್ನು ತನ್ನಲ್ಲಿದ್ದ ಮಾದರಿ ಗೆರೆಗಳ ಪಕ್ಕಕ್ಕಿಟ್ಟು ನೋಡಿ, ಯಾವ ಕಾಲೇಜು ಹೊಂದುತ್ತದೆಂದು ಹೇಳುತ್ತಿತ್ತು.

ಎಲ್ಲರಿಗೂ ಎಲ್ಲವನ್ನೂ ಕಲಿಸುವ ವೈದ್ಯಕೀಯ ಕಾಲೇಜುಗಳು ಆ ಹೊತ್ತಿಗೆ ಮುಗಿದುಹೋಗಿದ್ದವು. ಒಂದು ಶಸ್ತ್ರಚಿಕಿತ್ಸೆಯದು, ಒಂದು ಹೆರಿಗೆಯದು, ಒಂದು ಮನೋರೋಗದ್ದು. ತಿಪಟೂರಿನ ಹತ್ತಿರದ್ದು ಮಕ್ಕಳದು. ಜಗಳೂರಿನ ಆಚೆ ಬಯಲಿನಲ್ಲಿದ್ದದ್ದು ಅಂತ್ಯಾರೈಕೆಯದು. ವಾಸಿಯಾಗದವರ ಜೊತೆ ಕೊನೆಯವರೆಗೆ ಇರಬೇಕಾದ ವೈದ್ಯರು ಅಲ್ಲಿ ತಯಾರಾಗುತ್ತಿದ್ದರು. ಹಿಂದೆಲ್ಲ ಅಪ್ಪನ ಹಟಕ್ಕೆ, ಅಂಕದ ಸೊಕ್ಕಿಗೆ ಸೀಟು ಹಿಡಿದ ಮಕ್ಕಳು ಎರಡನೇ ವರ್ಷಕ್ಕೆ ಓದು ಬಿಟ್ಟು ಓಡುತ್ತಿದ್ದರು. ಕೆಲವರು ಹಾಸ್ಟೆಲಿನ ಕೋಣೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಕುರ್ಚಿ ಬಂದ ಮೇಲೆ ಅದು ನಿಂತಿತು. ಹಾಗಾಗಿ ಕುರ್ಚಿಯನ್ನು ಬೈಯುವವರು ಕಡಿಮೆ.

ಒಗ್ಗಿಕೊಂಡವರೇ ಹೆಚ್ಚು. ಊರೂರಿನಲ್ಲಿ ಕುರ್ಚಿ ಕೋಚಿಂಗ್ ಶುರುವಾಯಿತು. ಮಕ್ಕಳನ್ನು ಬೆಳಿಗ್ಗೆ ಬೆಳಿಗ್ಗೆ ಮಾಂಸದ ಮಾರ್ಕೆಟ್ಟಿಗೆ ಕರೆದೊಯ್ದು ನಿಲ್ಲಿಸುತ್ತಿದ್ದರು. ಬಳ್ಳಾರಿ ಕಡೆಯ ಒಬ್ಬ ತಾಯಿ, ಮಗನಿಗೆ ರೂಢಿಯಾಗಲೆಂದು ಸುಟ್ಟಗಾಯದ ವಾರ್ಡಿನ ಹೊರಗೆ ಬೇಸಿಗೆ ರಜೆಯೆಲ್ಲ ಕೂರಿಸಿದ್ದಳಂತೆ. ಹುಡುಗ ಕುರ್ಚಿಯಲ್ಲಿ ಕೂತ ಗಳಿಗೆಗೇ ಟೋಪಿ ಕಿತ್ತೆಸೆದು ವಾಂತಿ ಮಾಡಿದ. "ಮನೇಲಿ ಚೆನ್ನಾಗಿ ಮಾಡ್ತಿದ್ದ ಮೇಡಂ" ಎಂದು ತಾಯಿ ಅತ್ತಿದ್ದಳು.

ತನುಜಾ ಆ ಕೇಂದ್ರದಲ್ಲಿ ಗೆರೆ ಓದುವ ಕೆಲಸದಲ್ಲಿದ್ದಳು. ಜೀವಭೌತಶಾಸ್ತ್ರ ಓದಿದವಳು, ಮೂವತ್ತು ದಾಟಿತ್ತಷ್ಟೆ. ಹಿಂದಿನ ಮಳೆಗಾಲದಲ್ಲಿ ಗಂಡ ಸುಹಾಸ ಜ್ವರದಲ್ಲಿ ತೀರಿಕೊಂಡಿದ್ದ. ಕರ್ಮಗಳು ಮುಗಿದ ಮರುದಿನವೇ ಅವಳು ಕೆಲಸಕ್ಕೆ ಬಂದಳು. ಗಟ್ಟಿ ಹೆಣ್ಣು ಎಂದರು ಎಲ್ಲರೂ. ಇರಬಹುದು ಎಂದು ಅವಳೂ ಅಂದುಕೊಂಡಳು.

ಆ ಮಂಗಳವಾರ ಕುರ್ಚಿಯಲ್ಲಿ ಕೂತವಳು ನೀಲಗಂಗಾ, ಲಕ್ಷ್ಮೇಶ್ವರದ ಹುಡುಗಿ. ಎಣ್ಣೆ ಹಾಕಿ ಬಿಗಿದ ಜಡೆ, ಇಸ್ತ್ರಿ ಮಾಡಿದ ನೀಲಿ ಚೂಡಿದಾರ. ಅಂಕಗಳು ತುಂಬಾ ಚೆನ್ನಾಗಿದ್ದವು. ತನಗೆ ಇಷ್ಟವಾದ ಕಾಲೇಜು ಯಾವುದೆಂದು ಕೇಳಿದ್ದಕ್ಕೆ ಮಕ್ಕಳದ್ದು ಎಂದಿದ್ದಳು. ಗಾಜಿನ ಈಚೆ ಕೂತ ತನುಜಾ ಗೆರೆ ನೋಡುತ್ತಿದ್ದಳು. ಸುಟ್ಟ ಗಾಯ ಬಂತು, ಗೆರೆ ಸ್ವಲ್ಪ ಎದ್ದು ಇಳಿಯಿತು. ಕೂಸು ನಡುಗಿತು, ಗೆರೆ ಅಷ್ಟೇ ಎದ್ದಿತು. ಮುದುಕ ಬಾಯಿ ತೆರೆದು ಉಸಿರು ಎಳೆದ, ಬಿಟ್ಟ, ಎಳೆಯಲಿಲ್ಲ. ಗೆರೆ ಅಲುಗಲಿಲ್ಲ. ಗಾಳಿಯಿಲ್ಲದ ದಿನದ ಕೆರೆಯ ಹಾಗೆ ಬಿದ್ದುಕೊಂಡಿತ್ತು. ಯಂತ್ರ ಅದನ್ನು ಅಂತ್ಯಾರೈಕೆಯ ಮಾದರಿ ಗೆರೆಯ ಮೇಲೆ ಇಟ್ಟಿತು. ಎರಡೂ ಒಂದರೊಳಗೊಂದು ಕೂತವು.

ಹೊರಗೆ ಹುಡುಗಿಯ ಅಪ್ಪ ಕಾಯುತ್ತಿದ್ದ. ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟ ಈರಪ್ಪ, ಸಣ್ಣ ಮೈಯ, ಮಾತಿನ ಮನುಷ್ಯ. ತನುಜಾ ಬಂದ ತಕ್ಷಣ ಎದ್ದು ನಿಂತ.

"ಏನಂತ್ರಿ ಮೇಡಂ, ನಿಮ್ಮ ಕುರ್ಚಿ? ಬೈತೇನು?"

"ಅಂತ್ಯಾರೈಕೆ ಬಂದಿದೆ" ಎಂದಳು ತನುಜಾ.

ಈರಪ್ಪ ನಗುತ್ತಲೇ ಇದ್ದ. ಮಾತು ಒಳಗೆ ಇಳಿಯಲು ಹೊತ್ತು ಹಿಡಿಯಿತು. "ಅಂದ್ರ, ಸಾಯೋರ ಕಾಲೇಜ? ಮೇಡಂ, ಇಕಿ ಮಕ್ಕಳ ಡಾಕ್ಟರ್ ಆಗ್ತೇನಂತ ಸಣ್ಣಾಕಿ ಇದ್ದಾಗಿಂದ... ನೀಲಾ, ಏನರ ಮಾತಾಡಬೇ."

"ಆಗ್ಲಿ ಬಿಡಪ್ಪ" ಎಂದಳು ಹುಡುಗಿ. "ಅದೂ ಡಾಕ್ಟರೇ ಅಲ್ಲೇನು?"

ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ, ಬೇರೇನೂ ಇರಲಿಲ್ಲ. ಅದನ್ನು ನೋಡಿ ತನುಜಾಳಿಗೆ ಎಲ್ಲೋ ಕಂಡ ಮುಖ ಅನ್ನಿಸಿತು. ಒಮ್ಮೆ ಮರುಪರೀಕ್ಷೆ ಕೇಳಬಹುದು, ಒಂದು ವಾರದೊಳಗೆ ಕೇಳಬೇಕು, ಎರಡನೆಯ ಫಲಿತಾಂಶವೇ ಕೊನೆಯದು, ಅದರಲ್ಲಿ ಯಾವ ಕಾಲೇಜೂ ಬಾರದಿದ್ದರೆ ವೈದ್ಯಕೀಯದ ಬಾಗಿಲು ಪೂರ್ತಿ ಮುಚ್ಚಿತು ಎಂದು ನಿಯಮ ಹೇಳಿ ಒಳಗೆ ಬಂದಳು.

ಮನೆಯಲ್ಲಿ ಅತ್ತೆ ಕಮಲಾಕ್ಷಮ್ಮ ಒಲೆಯ ಮುಂದಿದ್ದರು. ಮಗ ಹೋದ ಮೇಲೆ ಸೊಸೆ ತವರಿಗೆ ಹೋಗುತ್ತಾಳೆಂದು ನೆಂಟರೆಲ್ಲ ಲೆಕ್ಕ ಹಾಕಿದ್ದರು. ಸೊಸೆ ಹೋಗಲಿಲ್ಲ, ಅತ್ತೆ ಕೇಳಲೂ ಇಲ್ಲ.

"ಬಂದ್ಯಾ? ಕೈಕಾಲ್ ತೊಳ್ಕಂಡ್ ಬಾ, ಮಂಡಕ್ಕಿ ಒಗ್ಗರಣೆ ಹಾಕೀನಿ."

ತನುಜಾ ತಟ್ಟೆ ಹಿಡಿದು ಕೂತಳು. ಟಿ.ವಿ.ಯಲ್ಲಿ ಯಾವುದೋ ಸೋಪಿನ ಜಾಹೀರಾತು. ಪುಟ್ಟ ಹುಡುಗನೊಬ್ಬ ಅಮ್ಮನ ಸೆರಗಿಗೆ ಕೈ ಒರೆಸಿದ. ಕಮಲಾಕ್ಷಮ್ಮ ಕಣ್ಣೊರೆಸಿಕೊಂಡರು.

"ಉಪ್ಪು ಸರಿ ಐತಾ?"

"ಹೂಂ, ಸರಿ ಇದೆ ಅತ್ತೆ."

"ಖಾರ?"

"ಚೆನ್ನಾಗಿದೆ."

ಕಮಲಾಕ್ಷಮ್ಮ ತಟ್ಟೆಯಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು. "ಉಪ್ಪೇ ಹಾಕಿಲ್ಲ ಕಣೇ ನಾನು. ಬೇಕಂತಲೇ ಹಾಕಿಲ್ಲ. ಮೂರು ದಿನದಿಂದ ನೋಡ್ತಾ ಇದೀನಿ, ನೀನು ಒಂದಿನಾನೂ ಹೇಳಲಿಲ್ಲ." ಸೊಸೆಯ ಎದುರು ಕೂತರು. "ನನ್ನ ಮಗ ಸತ್ತ. ನಾನು ಅತ್ತು ಅತ್ತು ಬದುಕ್ತಾ ಇದೀನಿ. ನೀನೇನು ಅಂತ ನಂಗೆ ತಿಳೀವಲ್ದು ತನೂ. ಒಂದು ಸಲ ನನ್ನಾದ್ರೂ ಬೈಯಿ."

"ನಿಮ್ಮನ್ನ ಯಾಕೆ ಬೈಲಿ ಅತ್ತೆ" ಎಂದು ತನುಜಾ ತಟ್ಟೆ ಖಾಲಿ ಮಾಡಿದಳು. ಉಪ್ಪಿಲ್ಲವೆಂದು ತಿಳಿದ ಮೇಲೂ ರುಚಿಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಅದು ಮಾತ್ರ ಅವಳಿಗೆ ವಿಚಿತ್ರವೆನಿಸಿತು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಕುರ್ಚಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಂತ್ರದ ತಪಾಸಣೆಗೆಂದು ಸಿಬ್ಬಂದಿ ಆಗಾಗ ಕೂರುವುದಿತ್ತು. ಅವಳು ಸುಹಾಸ ಹೋದ ಮೇಲೆ ಕೂತಿರಲಿಲ್ಲ. ಟೋಪಿ ಹಾಕಿಕೊಂಡು, ಪಟ್ಟಿ ಸುತ್ತಿಕೊಂಡು ಪರದೆ ಇಳಿಸಿದಳು.

ಹಿಂದೆ ಕೂತಾಗಲೆಲ್ಲ ಹೆರಿಗೆಯ ದೃಶ್ಯಕ್ಕೆ ಮುಖ ತಿರುಗಿಸುತ್ತಿದ್ದಳು. ಸುಟ್ಟ ಗಾಯಕ್ಕೆ ಕಣ್ಣು ಮುಚ್ಚುತ್ತಿದ್ದಳು. ನೀನು ಡಾಕ್ಟರಾಗದಿದ್ದದ್ದು ನಾಡಿನ ಪುಣ್ಯ ಎಂದು ಸುಹಾಸ ನಗುತ್ತಿದ್ದ. ಈಗ ದೃಶ್ಯಗಳು ಒಂದಾದ ಮೇಲೊಂದು ಬಂದು ಹೋದವು. ಮುದುಕನ ಸರದಿ ಬಂದಾಗ ಅವಳು ಮುದುಕನನ್ನು ನೋಡಲೇ ಇಲ್ಲ. ಪಕ್ಕದಲ್ಲಿ ನೇತುಹಾಕಿದ್ದ ಗ್ಲೂಕೋಸ್ ಬಾಟಲಿಯಲ್ಲಿ ಗುಳ್ಳೆ ಏಳುವುದನ್ನು ನೋಡಿದಳು. ಸುಹಾಸನ ಹಾಸಿಗೆಯ ಬಳಿಯೂ ಕೊನೆಗೆ ಅದನ್ನೇ ನೋಡಿದ್ದಳು. ಗುಳ್ಳೆ ಏಳುವುದು ನಿಧಾನವಾಯಿತಲ್ಲ ಎಂದುಕೊಂಡಿದ್ದಳು. ಆಮೇಲೆ ನರ್ಸು ಬಂದು ಅವಳ ಹೆಗಲು ಮುಟ್ಟಿದ್ದಳು.

ಫಲಿತಾಂಶ ಪರದೆಯ ಮೇಲೆ ಬಂತು. ಹೊಂದುವ ಕಾಲೇಜು: ಅಂತ್ಯಾರೈಕೆ. ಹೊಂದಿಕೆ ನೀಲಗಂಗಾಳದ್ದಕ್ಕಿಂತಲೂ ಹೆಚ್ಚು.

ತನುಜಾ ಟೋಪಿ ತೆಗೆಯದೆ ಕೂತಿದ್ದಳು. ರೋಗಿಯ ಕೋಣೆಯ ಬಾಗಿಲಿಗೆ ಹೋದರೆ ಕಾಲು ಹಿಂದೆ ಸರಿಯುವ ಹೆಂಗಸು ತಾನು. ಸಾಯುವವರ ಕೈ ಹಿಡಿದು ಕೂರಲು ಈ ರಾಜ್ಯದಲ್ಲಿ ತನ್ನಷ್ಟು ಯೋಗ್ಯರು ಇನ್ನೊಬ್ಬರಿಲ್ಲ ಎನ್ನುತ್ತಿದೆ ಯಂತ್ರ. ಯಂತ್ರ ಕೆಟ್ಟಿರಲಿಲ್ಲ. ಕೆಟ್ಟಿದ್ದದ್ದು ಮಾದರಿ. ಮಾದರಿ ಗೆರೆ ಹಾಕಿಕೊಳ್ಳುವಾಗ ಕೇಂದ್ರದವರು ಒಳ್ಳೆಯ ವೈದ್ಯರನ್ನೇ ಹುಡುಕಿ ಕರೆತಂದಿದ್ದರು. ಎಲ್ಲರೂ ಹೆಸರುವಾಸಿ ಹಿರಿಯರು, ಇಪ್ಪತ್ತು ವರ್ಷ ಸಾವು ಕಂಡವರು. ಮೊದಲ ಸಾವಿನ ದಿನ ಆ ಹಿರಿಯರ ಗೆರೆ ಹೇಗಿತ್ತೆಂದು ಯಾರೂ ಕೇಳಿರಲಿಲ್ಲ. ಕೆಲಸ ಮಾಡಿ ಮಾಡಿ ಒಣಗಿದ ಮೇಲಿನ ಗೆರೆಯನ್ನು ತಂದು, ಕೆಲಸಕ್ಕೆ ಬೇಕಾದ ಗೆರೆ ಇದೇ ಎಂದು ಬರೆದಿಟ್ಟಿದ್ದರು. ಈಗ ಹದಿನೆಂಟರ ಮಕ್ಕಳ ನಡುವೆ ಯಂತ್ರ ಹುಡುಕುತ್ತಿದ್ದದ್ದು ಆಗಲೇ ಒಣಗಿದವರನ್ನು.

ಕೇಂದ್ರದ ನಿರ್ದೇಶಕರು ಡಾ. ಉಮಾಪತಿ. ಅವಳು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದರು.

"ಕೂತ್ಕೋಮ್ಮ. ನೀನು ಹೇಳಿದ್ದು ಸರಿ ಇರಬಹುದು."

"ಇರಬಹುದು ಅಲ್ಲ ಸರ್. ಇದೆ. ನನ್ನ ಗೆರೆ ನೋಡಿ."

"ನೋಡ್ದೆ. ಅಂತ್ಯಾರೈಕೆಯ ಆ ಮಾದರಿಯಲ್ಲಿ ನಂದೂ ಇದೆ, ಗೊತ್ತಾ ನಿಂಗೆ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರೋಗಿ ಹೋದ ತಕ್ಷಣ ನಾವು ಮೊದಲು ಮಾಡೋದು ಗಡಿಯಾರ ನೋಡೋದು. ಹೊತ್ತು ಬರೀಬೇಕಲ್ಲ. ನಮ್ಮಮ್ಮ ಹೋದಾಗ ಮನೇಲಿ ಎಲ್ಲರೂ ಅವಳ ಮೇಲೆ ಬಿದ್ದು ಅಳ್ತಾ ಇದ್ರು. ನಾನು ಗಡಿಯಾರ ನೋಡ್ದೆ. ನನ್ನ ತಂಗಿ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ."

"ಅಂದ್ರೆ ನಿಮಗೇ ಗೊತ್ತು."

"ಗೊತ್ತು. ಇನ್ನೊಂದೂ ಗೊತ್ತು. ಅಳೋ ಮಕ್ಕಳನ್ನ ತಗೊಂಡ ಕಾಲದಲ್ಲಿ ಅರ್ಧಕ್ಕರ್ಧ ಓಡಿಹೋಗೋರು. ಇನ್ನು ಕೆಲವರನ್ನ ಹಾಸ್ಟೆಲಿನ ಫ್ಯಾನಿಂದ ನಾವೇ ಇಳಿಸಿಕೊಂಡಿದ್ದೀವಿ. ಈಗ ಒಬ್ಬರೂ ಬಿಟ್ಟು ಹೋಗಲ್ಲ. ಮೊದಲೇ ಒಣಗಿದ ಕಟ್ಟಿಗೆ ಬಿರುಕು ಬಿಡಲ್ಲ ತನುಜಾ. ಕ್ರೂರ ಅನ್ನು, ಒಪ್ಕೋತೀನಿ. ಆದ್ರೆ ಕೆಲಸ ನಡೀತಾ ಇದೆ."

"ಆ ಹುಡುಗಿಗೆ ಮಕ್ಕಳ ಕಾಲೇಜು ಇಷ್ಟ ಸರ್."

"ಇಷ್ಟ ಕೇಳಿ ಕೇಳಿಯೇ ಅಲ್ವೇ ಹಾಳಾಗಿದ್ದು? ಮರುಪರೀಕ್ಷೆ ಅವಳ ಹಕ್ಕು. ಬೇಕಾದ್ರೆ ಕೇಳಲಿ." ಅವರು ಕನ್ನಡಕ ಹಾಕಿಕೊಂಡರು. ಬಾಗಿಲ ಬಳಿ ಹೋದವಳನ್ನು ಕರೆದು, "ನೀನು ಸ್ವಲ್ಪ ರಜಾ ತಗೋಮ್ಮ" ಎಂದರು.

ಅಪ್ಪ-ಮಗಳು ಊರಿಗೆ ಹೋಗಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಲಾಡ್ಜೊಂದರಲ್ಲಿ ಉಳಿದಿದ್ದರು. ಕೆಳಗಿನ ಖಾನಾವಳಿಯಲ್ಲಿ ರೊಟ್ಟಿ ಊಟಕ್ಕೆ ಕೂತಿದ್ದಾಗ ತನುಜಾ ಹುಡುಕಿಕೊಂಡು ಬಂದಳು. ಈರಪ್ಪ ಗಡಬಡಿಸಿ ಎದ್ದು ತನ್ನ ಕುರ್ಚಿ ಎಳೆದುಕೊಟ್ಟ.

"ಕುಂದರ್ರಿ ಮೇಡಂ. ಹೆದರಬ್ಯಾಡ್ರಿ, ಇದು ಬರೇ ಕೂಡೂ ಕುರ್ಚಿ."

ನೀಲಗಂಗಾ ನಗಲಿಲ್ಲ. ತನುಜಾ ನೇರವಾಗಿ ಅವಳನ್ನೇ ಕೇಳಿದಳು. "ಮಕ್ಕಳ ಕಾಲೇಜೇ ಯಾಕೆ ಬೇಕಾಗಿತ್ತು ನಿನಗೆ?"

ಹುಡುಗಿ ರೊಟ್ಟಿ ಮುರಿಯುತ್ತ ಯೋಚಿಸಿದಳು. "ಮಕ್ಕಳು ನೋವಾದ್ರ ಚೀರ್ತಾವ್ರಿ. ದೊಡ್ಡೋರು ಮುಚ್ಚಿಡ್ತಾರ. ನಮ್ಮವ್ವ ಮುಚ್ಚಿಟ್ಳು. ಹೇಳೂದ್ರಾಗ ಹೊಟ್ಟಿ ತುಂಬ ಗಡ್ಡಿ ಆಗಿತ್ತು. ಅದಕ್ಕ ಚೀರೋರ ಹತ್ರ ಇರಬೇಕಂತ."

"ಅಮ್ಮನ್ನ ಯಾರು ನೋಡಿಕೊಂಡರು?"

"ನಾನ ರೀ. ಅಪ್ಪ ಅಂಗಡಿ ಮುಚ್ಚಿದ್ರ ನಡೀತಿರಲಿಲ್ಲ. ಪಿಯುಸಿ ಪುಸ್ತಕ ಅಕಿ ಹಾಸಗಿ ಮ್ಯಾಲ ಇಟ್ಕೊಂಡು ಓದಿದೆ. ಅಕಿ ಹೋದಾಗ ಬಾಯಿ ಮುಚ್ಚಿಸಿ, ಕಾಲು ಜೋಡಿಸಿ, ಬಂದೋರಿಗೆ ಚಾ ಮಾಡಿದೆ. ಅಂದಿನಿಂದ ಹಿಂಗ. ಏನೂ ಆಗಂಗಿಲ್ರಿ. ಕಾಲಿಗೆ ಜುಮ್ ಹಿಡೀತದಲ್ರಿ, ಹಂಗ, ಮೈಗೆಲ್ಲಾ."

ಈರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ್ದ. ತನುಜಾಳಿಗೆ ಆ ಮಾತು ತನ್ನದೇ ಬಾಯಿಂದ ಬಂದಂತೆ ಕೇಳಿತು. ಹೇಳಬೇಕಾದದ್ದನ್ನು ಹೇಳಿದಳು. ಯಂತ್ರ ನೋಡಿದ್ದು ಒಲವನ್ನಲ್ಲ, ಆ ಜುಮ್ಮನ್ನು. ಅದು ಇಳಿದುಹೋದರೆ ಗೆರೆ ಬೇರೆಯಾಗುತ್ತದೆ. ಮರುಪರೀಕ್ಷೆ ಕೇಳಿ, ಆದರೆ ಅದಕ್ಕೆ ಮೊದಲು ಅಮ್ಮನ ಬಗ್ಗೆ ಮಾತಾಡಿ, ಇಬ್ಬರೂ ಕೂತು ಮಾತಾಡಿ.

"ಏನ್ ಮಾತಾಡೂದ್ರಿ" ಎಂದ ಈರಪ್ಪ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತಾನೇ ಶುರುಮಾಡಿದ. "ಭಾಳ ಜಗಳಗಂಟಿ ಇದ್ಲು ಮೇಡಂ. ಕಡೀ ವಾರದಾಗ ಕಣ್ಣು ಕಾಣವಲ್ದು ಅಂದ್ಲು. ಹೊಸಾ ಚಸ್ಮಾ ಮಾಡಿ ತಂದೆ. ನನ್ನ ಕೈಯಾರ ಮಾಡಿದ್ದು. ಹಾಕ್ಕೊಂಡು ನನ್ನ ನೋಡಿ ಏನಂದ್ಲು ಹೇಳ್ರಿ? 'ಊರಿಗೆಲ್ಲಾ ನೆಟ್ಟಗ ಮಾಡ್ತೀರಿ, ನನಗಷ್ಟ ಸೊಟ್ಟ ಮಾಡೀರಿ. ಇದರಾಗ ನೀವು ಇಬ್ಬಿಬ್ಬರು ಕಾಣ್ತೀರಿ. ಒಬ್ಬನ್ನ ಕಟ್ಕೊಂಡು ಸಾಕಾಗೈತಿ' ಅಂದ್ಲು!"

ನೀಲಗಂಗಾ ಫಕ್ಕನೆ ನಕ್ಕಳು. ಬಾಯಲ್ಲಿದ್ದ ರೊಟ್ಟಿ ನೆತ್ತಿಗೇರಿತು. ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಅದು ಕೆಮ್ಮಲ್ಲ ಎಂದು ತಿಳಿಯುವಷ್ಟರಲ್ಲಿ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು "ಯವ್ವಾ, ಯವ್ವಾ" ಎಂದು ಬಿಕ್ಕುತ್ತಿದ್ದಳು. ಜುಣಕದ ಬೋಗುಣಿ ಹಿಡಿದು ಬಂದ ಮಾಣಿ ಬಡಿಸಬೇಕೋ ಬೇಡವೋ ತಿಳಿಯದೆ ನಿಂತ. ಈರಪ್ಪ ಎಂಜಲು ಕೈಯಲ್ಲೇ ಮಗಳ ಬೆನ್ನು ಸವರುತ್ತಿದ್ದ.

ತನುಜಾ ಒಣಗಿದ ಕಣ್ಣಿನಿಂದ ನೋಡುತ್ತ ಕೂತಿದ್ದಳು. ಒಳ್ಳೆಯದಾಯಿತು ಎಂದುಕೊಂಡಳು. ಹುಡುಗಿಯ ದಾರಿ ಸರಿಹೋಯಿತು ಎಂದುಕೊಂಡಳು.

ಶನಿವಾರ ಮರುಪರೀಕ್ಷೆ. ಹುಡುಗಿಯ ಕಣ್ಣುಗಳು ಊದಿಕೊಂಡಿದ್ದವು, ಮುಖಕ್ಕೆ ಬಣ್ಣ ಬಂದಿತ್ತು. ಟೋಪಿ ಹಾಕುವಾಗ "ಹೆದರಿಕಿ ಆಗ್ತೈತ್ರಿ ಮೇಡಂ" ಎಂದಳು. ಅದನ್ನು ಒಳ್ಳೆಯ ಸುದ್ದಿ ಎನ್ನುವಂತೆ ಹೇಳಿದಳು. ತನುಜಾ ಅವಳ ಬೆರಳುಗಳಿಗೆ ಪಟ್ಟಿ ಸುತ್ತಿ, ಗಾಜಿನ ಈಚೆ ಬಂದು ಕೂತಳು.

ಗೆರೆ ಮೊದಲ ದೃಶ್ಯಕ್ಕೇ ಜಿಗಿಯಿತು. ಹೆರಿಗೆಗೆ ಜಿಗಿಯಿತು, ಸುಟ್ಟ ಗಾಯಕ್ಕೆ ಪರದೆಯ ಅಂಚು ಮುಟ್ಟಿತು. ನಡುಗುವ ಕೂಸು ಕಂಡಾಗ ನೀಲಗಂಗಾ ಅಳುತ್ತ ಬಲಗೈ ಚಾಚಿದಳು. ಗಾಳಿಯಲ್ಲಿ ಆ ಕೂಸಿನ ಹಣೆ ಮುಟ್ಟಲು ನೋಡಿದಳು. ಬೆರಳಿನ ಪಟ್ಟಿಗಳು ಕಳಚಿ ತೂಗಾಡಿದವು. ಮುದುಕ ಬರುವ ಹೊತ್ತಿಗೆ ಗೆರೆಯೆನ್ನುವುದು ಉಳಿದಿರಲಿಲ್ಲ, ಬರೀ ಗೀಚು.

ಇಂಥ ಗೀಚು ಮಕ್ಕಳ ಕಾಲೇಜಿನ ಮಾದರಿಗೂ ಹೊಂದುವುದಿಲ್ಲ. ಅಲ್ಲಿಯ ಮಾದರಿಯೂ ಇಪ್ಪತ್ತು ವರ್ಷ ಮಕ್ಕಳ ಅಳು ಕೇಳಿದವರದೇ. ತನುಜಾಳಿಗೆ ಇದು ಗೊತ್ತಿತ್ತು. ಬುಧವಾರವೇ ಗೊತ್ತಾಗಬೇಕಿತ್ತು. ಯಂತ್ರದ ತಪ್ಪನ್ನು ಕಂಡುಹಿಡಿದವಳು ಅದೇ ಯಂತ್ರದ ಮುಂದೆ ಹುಡುಗಿಯನ್ನು ಜುಮ್ಮು ಬಿಡಿಸಿ ಕೂರಿಸಿದ್ದಳು. ಪರದೆಯ ಮೇಲೆ ಅಕ್ಷರಗಳು ಬಂದವು. ಹೊಂದುವ ಕಾಲೇಜು: ಯಾವುದೂ ಇಲ್ಲ. ಕೆಳಗೆ ಇನ್ನೊಂದು ಸಾಲು. ಪಟ್ಟಿ ಸಡಿಲ, ಮುಗಿಸಬೇಕೋ, ಮತ್ತೆ ನಡೆಸಬೇಕೋ?

ಮತ್ತೆ ನಡೆಸಿದರೂ ಹುಡುಗಿಯ ಗೆರೆ ಹೀಗೇ ಬರುತ್ತದೆ. ಮುಗಿಸಿದರೆ ಅವಳು ಯಾವತ್ತಿಗೂ ವೈದ್ಯೆಯಾಗುವುದಿಲ್ಲ.

ತನುಜಾ ಒಳಗೆ ಹೋಗಿ ಟೋಪಿ ಬಿಚ್ಚಿದಳು. "ಪಟ್ಟಿ ಕಳಚಿತು. ಹೊರಗೆ ಹೋಗಿ ನೀರು ಕುಡಿದು ಬಾ, ಕರೀತೀನಿ" ಎಂದಳು. ಗುರುತು ನೋಡುವುದು ಹೊರಬಾಗಿಲಲ್ಲಿ ಮಾತ್ರ. ಕುರ್ಚಿಗೆ ಬೇಕಾದದ್ದು ಬಿಸಿಯಿರುವ ಒಂದು ಮೈ. ಹುಡುಗಿ ಹೋದ ಮೇಲೆ ಅವಳು ಬಾಗಿಲು ಹಾಕಿ, ನೀಲಗಂಗಾಳ ನಂಬರಿನಲ್ಲೇ ಮತ್ತೆ ನಡೆಸು ಎಂದು ಒತ್ತಿ, ತಾನೇ ಕೂತಳು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ.

ಒಂದೇ ಆಸೆಯಿತ್ತು. ಕೂಸಿನ ದೃಶ್ಯದಲ್ಲಿ ಸ್ವಲ್ಪ ಮಿಡಿದರೆ, ಮಕ್ಕಳ ಮಾದರಿಯ ಆ ಸಣ್ಣ ಏರಿಳಿತದಷ್ಟು ಮಿಡಿದರೆ, ಹುಡುಗಿ ಕೇಳಿದ್ದು ಅವಳಿಗೆ ಸಿಗುತ್ತದೆ. ಕೂಸು ಬಂತು. ತುಟಿ ಒಡೆದಿತ್ತು, ಮೈ ಕೆಂಡವಾಗಿತ್ತು. ತನುಜಾ ಬೇಕೆಂದೇ ಸುಹಾಸನ ಜ್ವರ ನೆನೆದಳು. ತಾವಿಬ್ಬರೂ ಮುಂದಿನ ವರ್ಷ ಎನ್ನುತ್ತ ಮುಂದೂಡಿದ ಮಗುವನ್ನು ನೆನೆದಳು. ಅದಕ್ಕೆ ಸುಹಾಸನ ಹಣೆ ಕೊಟ್ಟಳು, ಅವನ ಕಿವಿ ಕೊಟ್ಟಳು. ಒಂದು ಸಲ, ಒಂದೇ ಸಲ ಎಂದು ತನ್ನ ಎದೆಯನ್ನು ಬೇಡಿಕೊಂಡಳು.

ಮುದುಕ ಬಂದು ಉಸಿರು ಬಿಟ್ಟು ಹೋದ. ಪರದೆ ಬೆಳಗಿತು. ಹೊಂದುವ ಕಾಲೇಜು: ಅಂತ್ಯಾರೈಕೆ.

ಅವಳು ಮುಗಿಸು ಎಂದು ಒತ್ತಿದಳು.

ಹೊರಗೆ ಈರಪ್ಪ ಎರಡೂ ಕೈ ಮುಗಿದ. "ಅದ ಬಂತೇನ್ರಿ? ಹೋಗ್ಲಿ ಬಿಡ್ರಿ, ಕುರ್ಚಿ ಹಟಮಾರಿ ಐತಿ, ಇಕಿ ಅವ್ವನಂಗ. ಸೀಟು ಅಂತೂ ಆತು." ಅವನ ನಗುವಿನಲ್ಲಿ ನಿಜವಾದ ನೆಮ್ಮದಿಯಿತ್ತು. ಸಾಮಾನು ಕಟ್ಟಬೇಕು, ಬಸ್ಸು ಹಿಡಿಯಬೇಕು ಎಂದು ಎದ್ದ.

ನೀಲಗಂಗಾ ಏಳಲಿಲ್ಲ. "ಮತ್ತೆ ಕರೀತೇನಂದ್ರಿ. ಕರೀಲಿಲ್ಲ."

"ಬೇಕಾಗಲಿಲ್ಲ."

"ನನ್ನ ಗೆರೆ ನಾ ನೋಡಬಹುದಲ್ರಿ? ಅದು ಹಕ್ಕಂತ ಗೋಡೆಗೆ ಬರದೀರಿ."

ತನುಜಾ ಇಲ್ಲ ಎನ್ನಬಹುದಿತ್ತು. ಯಂತ್ರ ಕೆಟ್ಟಿದೆ, ಆಮೇಲೆ ಬಾ ಎನ್ನಬಹುದಿತ್ತು. ಅವಳು ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಪರದೆ ತೋರಿಸಿದಳು.

ನೀಲಗಂಗಾ ನಿಂತೇ ನೋಡಿದಳು. ಗೆರೆ ಈ ತುದಿಯಿಂದ ಆ ತುದಿಗೆ ಮಲಗಿತ್ತು. ಅವಳು ಒಂದು ಬೆರಳನ್ನು ಅದರ ಮೇಲೆ ಉದ್ದಕ್ಕೂ ಎಳೆದಳು, ಎಲ್ಲಾದರೂ ಉಬ್ಬು ಸಿಗುತ್ತದೇನೋ ಎಂಬಂತೆ. ಕೂಸಿನ ದೃಶ್ಯದ ಗುರುತಿನ ಹತ್ತಿರ ಬೆರಳು ನಿಂತಿತು. ಆಮೇಲೆ ಮುಂದೆ ಹೋಯಿತು.

"ಇದು ನಂದಲ್ರಿ."

"ಅಲ್ಲ."

"ಹಿಂದಿನದೂ ಅಲ್ಲ. ಮಂಗಳವಾರ ಎದ್ದು ಬರೂವಾಗ ನೋಡೀನಿ, ನಂದು ಇಷ್ಟು ಚಪ್ಪಟೆ ಇರಲಿಲ್ಲ." ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇವರಿಗೇನಾಗೇತ್ರಿ?"

ಯಾರದು ಎಂದು ಕೇಳುತ್ತಾಳೆ, ಯಾಕೆ ಮಾಡಿದಿರಿ ಎಂದು ಕೇಳುತ್ತಾಳೆ ಎಂದುಕೊಂಡಿದ್ದ ತನುಜಾ ಈ ಪ್ರಶ್ನೆಗೆ ಸಿದ್ಧಳಿರಲಿಲ್ಲ. ಆ ಯಂತ್ರದ ಮುಂದೆ ಸಾವಿರಾರು ಗೆರೆ ಓದಿದ ಕೋಣೆಯಲ್ಲಿ ಯಾರೂ ಈ ಮಾತು ಕೇಳಿರಲಿಲ್ಲ.

"ಜ್ವರ" ಎಂದಳು. ದನಿ ಬೇರೆ ಯಾರದೋ ಆಗಿತ್ತು. "ಹೋದ ಮಳೆಗಾಲದಲ್ಲಿ. ಮೊದಲು ಸಾದಾ ಜ್ವರ ಅಂದರು. ಆಮೇಲೆ ರಕ್ತ ಬಿತ್ತು. ಸುಹಾಸ ಅಂತ ಹೆಸರು. ನನ್ನ ಗಂಡ."

ನೀಲಗಂಗಾ ಈಗ ಅವಳ ಕಡೆ ತಿರುಗಿದಳು. ಆ ಊದಿದ ಕಣ್ಣುಗಳಲ್ಲಿ ಮತ್ತೆ ನೀರಿತ್ತು. ಆದರೂ ಅವು ತನುಜಾಳ ಮುಖವನ್ನು ಬಿಡದೆ, ಇಂಚಿಂಚಾಗಿ ನೋಡುತ್ತಿದ್ದವು.

"ಅವರನ್ನ ಕೇಳಲಿಲ್ರಿ ನಾ. ನಿಮಗೇನಾತು?"

ಹೊರಗಿನಿಂದ ಈರಪ್ಪ ಬಸ್ಸಿನ ಹೊತ್ತಾಯಿತೆಂದು ಕೂಗಿದ. ತನುಜಾ ಬಾಯಿ ತೆರೆದಳು. ತನಗೆ ಏನಾಯಿತೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹುಡುಗಿ ಪಕ್ಕದ ಸ್ಟೂಲನ್ನು ಎಳೆದುಕೊಂಡು ಅವಳೆದುರು ಕೂತಳು.